ಅವಳಿಗಿದ್ದ ತಾಯಿ

ನಾದಿನಿಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕುವಾಗಲೆಲ್ಲ ಸೊಸೆಗೆ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು. ವಯಸ್ಸಿನಲ್ಲಿ ಇಬ್ಬರಿಗೂ ಹೆಚ್ಚು ಅಂತರವಿರಲಿಲ್ಲ. ಒಬ್ಬಳು ಹತ್ತನೇ ತರಗತಿಗೆ ಹೋಗುತ್ತಿದ್ದಳು, ಇನ್ನೊಬ್ಬಳು ಪಾತ್ರೆ ತಿಕ್ಕುತ್ತಿದ್ದಳು. ಸೊಸೆಯನ್ನು ಎಂಟನೇ ತರಗತಿಯಲ್ಲೇ ಬಿಡಿಸಿದ್ದರು. ದಾರಿಯಲ್ಲಿ ಪೋಕರಿಗಳು ಜಡೆ ಎಳೆದರೆಂದು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಅವಳಮ್ಮ ಪುಸ್ತಕದ ಚೀಲವನ್ನು ಅಟ್ಟಕ್ಕೆಸೆದಿದ್ದಳು.

ಒಂದು ಸಂಜೆ ನಾದಿನಿ ಹಿತ್ತಿಲ ಬಾಗಿಲಿಂದ ಒಳಬಂದಳು. ಅಂಗಿಯ ತೋಳು ಹರಿದಿತ್ತು. ಗ್ಯಾರೇಜಿನ ತಿರುವಿನಲ್ಲಿ ನಿತ್ಯ ಶಿಳ್ಳೆ ಹಾಕುತ್ತಿದ್ದ ಮೆಕ್ಯಾನಿಕ್ ಅಂದು ಕೈಯನ್ನೇ ಹಿಡಿದೆಳೆದಿದ್ದ.

“ಅತ್ತಿಗೆ, ಹೊಲಿದು ಕೊಡಿ. ಅಮ್ಮನಿಗೆ ಮಾತ್ರ ಹೇಳಬೇಡಿ, ನನ್ನ ಓದಿಗೆ ಕಲ್ಲು ಬೀಳತ್ತೆ.”

ಸೊಸೆ ಹೊಲಿದೇನೋ ಕೊಟ್ಟಳು. ನಾದಿನಿ ಸ್ನಾನಕ್ಕೆ ಹೋದದ್ದೇ ತಡ, ಬೀದಿ ಬದಿಯ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಅತ್ತೆಯ ಬಳಿ ಹೋಗಿ ಎಲ್ಲವನ್ನೂ ಉಪ್ಪು ಖಾರ ಹಚ್ಚಿ ಹೇಳಿದಳು. ನಾಳೆಯಿಂದ ಅವಳೂ ನನ್ನ ಜೊತೆ ಪಾತ್ರೆ ತಿಕ್ಕಲಿ ಎಂದು ಒಳಗೊಳಗೇ ಹಿಗ್ಗಿದಳು. ಅತ್ತೆ ಮೆಷಿನ್ ತುಳಿಯುವುದನ್ನು ನಿಲ್ಲಿಸಿದಳು.

ಮರುದಿನ ಅತ್ತೆ ಹೊಲಿಗೆ ಅಂಗಡಿ ತೆಗೆಯಲಿಲ್ಲ. ಮಗಳನ್ನೂ ಸೊಸೆಯನ್ನೂ ಕರೆದುಕೊಂಡು ನೇರ ಗ್ಯಾರೇಜಿನ ಮುಂದೆ ನಿಂತಳು.

“ನಿನ್ನ ಮಗಳ ಬಟ್ಟೆ ಹೊಲಿಯೋಳು ನಾನು,” ಎಂದಳು ಮಾಲೀಕನಿಗೆ. “ನನ್ನ ಮಗಳ ಬಟ್ಟೆ ಹರಿದೋನು ನಿನ್ನ ಆಳು. ಕರಿ ಅವನನ್ನ.”

“ಏನೋ ಹುಡುಗಾಟ, ಬಿಡಮ್ಮ...”

“ಮೂಗಿನ ಕೆಳಗೆ ಪೊರಕೆಯಂಥ ಮೀಸೆ ಇದೆ, ಹುಡುಗಾಟವಂತೆ! ನೀನು ಕರೀದಿದ್ರೆ ಪೊಲೀಸರು ಕರೀತಾರೆ.”

ಜನ ಸೇರಿದರು. ನಮ್ಮ ಮಕ್ಕಳಿಗೂ ಇದೇ ಕಾಟ ಎಂದು ಇನ್ನಿಬ್ಬರು ತಾಯಂದಿರು ದನಿ ಸೇರಿಸಿದರು. ಕೊನೆಗೆ ಪೊಲೀಸರು ಬಂದು ಅವನನ್ನು ಕರೆದೊಯ್ದರು. ಶಾಲೆ ಬಿಡುವ ಹೊತ್ತಿಗೆ ಸರದಿಯಂತೆ ಆ ತಿರುವಿನಲ್ಲಿ ನಿಲ್ಲುವುದೆಂದು ತಾಯಂದಿರು ಮಾತಾಡಿಕೊಂಡರು.

ನಾದಿನಿ ತಲೆಯೆತ್ತಿ ಶಾಲೆಯ ಕಡೆ ನಡೆದಳು. ನೋಡುತ್ತ ನಿಂತ ಸೊಸೆಗೆ ಅವಳ ಪುಸ್ತಕ, ಚೀಲ ಯಾವುದೂ ದೊಡ್ಡದೆನಿಸಲಿಲ್ಲ. ಇವಳಿಗೆ ಇಂಥ ತಾಯಿ ಸಿಕ್ಕಳಲ್ಲ ಎಂಬುದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಹಿಂದಿರುಗುವಾಗ ದಾರಿಯಲ್ಲೇ ಗಳಗಳನೆ ಅತ್ತಳು.

“ಗೆದ್ದು ಬರೋವಾಗ ಯಾಕೆ ಅಳ್ತೀಯೇ?”

“ನನಗೆ ಹೀಗಾದಾಗ ನಮ್ಮಮ್ಮ ಬೀದಿಗೆ ಇಳೀಲಿಲ್ಲ, ಅತ್ತೆ. ನನ್ನನ್ನೇ ಮನೇಲಿ ಕೂರಿಸಿದ್ರು. ಇವಳೂ ಕೂರಲಿ ಅಂತಲೇ ನಿಮಗೆ ಹೇಳಿದ್ದು.”

ಅತ್ತೆ ಸೆರಗಿನಿಂದ ಅವಳ ಮುಖ ಒರೆಸಿದಳು. “ಬುದ್ಧಿ ಕೆಟ್ಟದ್ದೇ. ಆದ್ರೂ ಹೇಳಿದ್ದು ಒಳ್ಳೇದಾಯ್ತು.” ಆಮೇಲೆ ಕೇಳಿದಳು: “ಮನೇಲೇ ಓದಿ ಹತ್ತನೇ ಪರೀಕ್ಷೆ ಕಟ್ಟಬಹುದಂತೆ. ಕಟ್ತೀಯಾ?”

“ಹೇಳಿಕೊಡೋರು ಯಾರು?”

“ಅವಳೇ. ಬೈಸಿಕೊಂಡು ಕಲಿ.”

ಗುಟ್ಟು ಹೇಳಿದ್ದಕ್ಕೆ ನಾದಿನಿ ಕೆಲವು ದಿನ ಮಾತು ಬಿಟ್ಟಳು. ಆಮೇಲೆ ತಾನೇ ಪುಸ್ತಕ ತಂದು ಅಡುಗೆಮನೆಯಲ್ಲಿ ಕುಳಿತಳು. ಅವಳು ಲೆಕ್ಕವನ್ನು ಚಕಚಕನೆ ಬಿಡಿಸುವುದನ್ನು ಕಂಡರೆ ಸೊಸೆಗೆ ಈಗಲೂ ಮೈ ಉರಿಯುತ್ತದೆ.

“ಸಾಕು ನಿನ್ನ ಜಂಬ, ಇಲ್ಲಿ ಕೊಡು,” ಎಂದು ಪೆನ್ಸಿಲ್ ಕಿತ್ತುಕೊಳ್ಳುತ್ತಾಳೆ.