ಆವೃತ್ತಿ ಹೊಂದುತ್ತಿಲ್ಲ

ಮತ್ತೆ ಅದೇ. ಬ್ರೌಸರಿನ ಕಿಟಕಿ ತೆರೆದುಕೊಂಡಿತು, ಒಂದು ಕ್ಷಣ ಬೆಳ್ಳಗೆ ನಿಂತಿತು, ತಾನಾಗಿಯೇ ಮುಚ್ಚಿಕೊಂಡಿತು. ಪರದೆಯ ಕೆಳಗೆ ಕೆಂಪು ಸಾಲು: ಆವೃತ್ತಿ ಹೊಂದುತ್ತಿಲ್ಲ.

ಅವನಿಗೆ ಒಳಗೊಳಗೇ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು.

ಕುರ್ಚಿ, ಮೇಜು, ಮಂಚ ಮಾರುವ ಒಂದು ವೆಬ್‌ಸೈಟು ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸಲು ಬ್ರೌಸರುಗಳನ್ನು ಅಣಿಮಾಡಿಡುವುದು ಅವನ ಕೆಲಸ. ಅಣಿಯಾದ ಬ್ರೌಸರು ಯಾರ ಕೈಯೂ ಸೋಕದೆ ತೆರೆದುಕೊಳ್ಳುತ್ತದೆ, ಇಲ್ಲದ ಗಿರಾಕಿಯೊಬ್ಬನ ಹೆಸರು ಟೈಪಿಸುತ್ತದೆ, ಕುರ್ಚಿಯೊಂದನ್ನು ಆರಿಸುತ್ತದೆ, ಬೇಡವೆಂದು ಬಿಡುತ್ತದೆ. ಮರುಗಳಿಗೆ ಏನೂ ನೆನಪಿಲ್ಲದಂತೆ ಹೊಸದಾಗಿ ಶುರುಮಾಡುತ್ತದೆ. ಅದನ್ನು ಹೀಗೆ ಆಡಿಸುವ ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಎರಡರ ಆವೃತ್ತಿಯೂ ಒಂದೇ ಆಗಿರಬೇಕು. ಬ್ರೌಸರು ಯಾರನ್ನೂ ಕೇಳದೆ ತನ್ನನ್ನು ಹೊಸದು ಮಾಡಿಕೊಂಡಿತ್ತು. ಡ್ರೈವರ್ ಹಳೆಯದಾಗಿಯೇ ಉಳಿದಿತ್ತು.

ಪಕ್ಕದ ಮೇಜಿನಾಕೆ ಕುರ್ಚಿ ಹೊರಳಿಸಿದಳು. “ಇನ್ನೂ ಕೈಕೊಡ್ತಿದೆಯೇನ್ರೀ?”

“ಹೂಂ.”

“ಕಿಟಕಿ ತೋರಿಸದೆ ಓಡಿಸಿ ನೋಡಿ. ಅದೇ, ತಲೆಯಿಲ್ಲದ ಬ್ರೌಸರ್ ಅಂತೀರಲ್ಲ.”

“ಅದೂ ನಿಲ್ತಿದೆ.”

“ನಮ್ಮ ಮ್ಯಾನೇಜರು ಮಾತ್ರ ತಲೆ ಇಲ್ದೇನೂ ನಿಲ್ಲದೆ ಓಡ್ತಾರೆ ನೋಡಿ.”

ಅವನು ತಡವಾಗಿ ನಕ್ಕ. ಅವಳು ದನಿ ತಗ್ಗಿಸಿದಳು. “ಇವತ್ತಲ್ವಾ ಅವರು ಹೊರಡೋದು?”

“ಸಂಜೆ ಬಸ್ಸಿಗೆ.”

“ಹೋಗ್ತೀರಿ ತಾನೆ?”

“ಇದೊಂದು ಮುಗಿದ್ರೆ.”

ಅವರು ಎಂದರೆ ಅವನ ಹೆಂಡತಿ, ಮಗಳು. ಹೆಂಡತಿಗೆ ದೂರದ ಊರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ದೂರ ಎಂಬುದನ್ನು ನೋಡಿಯೇ ಹುಡುಕಿಕೊಂಡಿದ್ದಳು. ಜಗಳವೇನೂ ಆಗಿರಲಿಲ್ಲ. ಜಗಳಕ್ಕಾದರೂ ಇಬ್ಬರೂ ಒಂದೇ ಕೋಣೆಯಲ್ಲಿ ಇರಬೇಕಾಗುತ್ತದೆ. “ನಿನ್ನ ಜೊತೆ ಇದ್ರೂ ಒಂಟಿಯಾಗೇ ಇದೀನಿ. ಅದರ ಬದ್ಲು ಒಂಟಿಯಾಗೇ ಇರ್ತೀನಿ,” ಎಂದಿದ್ದಳು ಒಮ್ಮೆ. ಅವನು ಯೋಚಿಸಿ, “ನೀನು ಹೇಳೋದ್ರಲ್ಲಿ ತಪ್ಪಿಲ್ಲ,” ಎಂದಿದ್ದ. ಅಂದಿನಿಂದ ಅವಳು ಅವನ ಮುಖ ನೋಡುವುದನ್ನು ಬಿಟ್ಟಳು. ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೋದಳು.

ಕಳೆದ ಭಾನುವಾರ ಅವನು ಅಲ್ಲಿಗೆ ಹೋಗಿದ್ದ. ಬಾಗಿಲು ತೆರೆದದ್ದು ಮಗಳು. ಒಳಗೆ ತಿರುಗಿ ಕೂಗಿದಳು: “ಅಮ್ಮಾ, ಅಪ್ಪ ಬಂದಿದಾರೆ.”

ಬಂದಿದಾರೆ. ಮಗಳು ಮಾತು ಕಲಿತಾಗಿನಿಂದ ಅವನು ಅವಳ ಬಾಯಲ್ಲಿ ‘ಬಂದ’, ‘ಹೋದ’ ಆಗಿದ್ದವನು. ಆಮೇಲೆ ಅವಳು ಲೋಟದಲ್ಲಿ ನೀರು ತಂದು, ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ಅವನ ಮುಂದಿಟ್ಟಳು.

ಊಟದ ಹೊತ್ತಿಗೆ ಸರಿಯಾದ ಡ್ರೈವರ್ ಸಿಕ್ಕಿತು. ಹಾಕಿ ಓಡಿಸಿದ. ಕಿಟಕಿಗಳು ತೆರೆದವು, ಕುರ್ಚಿಗಳನ್ನು ಆರಿಸಿದವು, ಬಿಟ್ಟವು. ಸಾಲುಸಾಲಾಗಿ ಹಸಿರು. ಎದ್ದುಬಿಡಬಹುದಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಮಗಳು ಏನನ್ನಬಹುದು? ‘ಹೋಗಿ ಬರ್ತೀವಿ’ ಎಂದಾಳು. ಬಂದದ್ದಕ್ಕೆ ಥ್ಯಾಂಕ್ಸ್ ಎಂದರೂ ಎಂದಾಳು.

ಅವನು ಅತ್ತಿತ್ತ ನೋಡಿದ. ಹೊಸ ಡ್ರೈವರನ್ನು ಅಳಿಸಿದ. ಹಳೆಯದನ್ನು ಅದರ ಜಾಗಕ್ಕೆ ತಂದಿಟ್ಟ. ಓಡಿಸಿದ. ಕೆಂಪು.

ಸುಳ್ಳು ಹೇಳುವುದು ಅವನಿಗೆ ಆಗದ ಮಾತು.

ಹೆಂಡತಿಯ ಫೋನು ಬಂತು. “ಬರ್ತೀಯಾ?”

“ಇಲ್ಲಿ ಇನ್ನೂ ಸರಿಹೋಗಿಲ್ಲ.”

“ಗೊತ್ತಿತ್ತು. ತಡಿ, ಇವಳು ಮಾತಾಡ್ಬೇಕಂತೆ.”

“ಅಪ್ಪಾ, ನಾನು ಕಿಟಕಿ ಪಕ್ಕ ಕೂತ್ಕೋತೀನಿ. ಯಾವ ಕಡೆ ಕೂತ್ಕೊಳ್ಳಲಿ?”

“ಯಾವ ಕಡೆ ಆದ್ರೇನು ಪುಟ್ಟಿ?”

“ನೀನು ಯಾವ ಕಡೆ ನಿಂತ್ಕೋತೀಯ ಹೇಳು, ಆ ಕಡೆ.”

“ಬಾಗಿಲ ಕಡೆ,” ಎಂದುಬಿಟ್ಟ.

“ಅಮ್ಮಾ, ಬರ್ತಾನಂತೆ!” ಫೋನು ಕಡಿಯಿತು.

ಬರ್ತಾನಂತೆ. ಅವನು ಫೋನನ್ನು ಕಿವಿಯಿಂದ ತೆಗೆಯದೆ ಕೂತೇ ಇದ್ದ.

ಮ್ಯಾನೇಜರು ಹಾದುಹೋಗುತ್ತ ಬಗ್ಗಿ ನೋಡಿದರು. “ಇದರಲ್ಲೇ ಇದೀರಾ? ಬಿಡ್ರೀ, ಈ ವಾರ ಸೈಟಿನ ಬಿಡುಗಡೆ ಇಲ್ಲ ಅಂತ ಬೆಳಿಗ್ಗೆನೇ ಹೇಳಿದ್ನಲ್ಲ.”

“ಹೇಳಿದ್ರಾ?”

“ಎಲ್ಲರ ಎದುರಿಗೇ. ನೀವು ತಲೆ ಆಡಿಸಿದ್ರಿ.”

ಅವನು ಆಗಲೂ ತಲೆ ಆಡಿಸಿದ. ಇನ್ನು ಹೋಗದಿರಲು ಯಾವ ಕಾರಣವೂ ಉಳಿಯಲಿಲ್ಲ.

ಹೊರಗೆ ಮಳೆ ಹಿಡಿದಿತ್ತು. ಬಸ್‌ಸ್ಟ್ಯಾಂಡು ಮುಟ್ಟಿದಾಗ ಬಸ್ಸು ಇನ್ನೂ ನಿಂತಿತ್ತು. ಬಾಗಿಲ ಬಳಿ ಹೆಂಡತಿಯ ಅಣ್ಣ ಪೆಟ್ಟಿಗೆ ಏರಿಸುತ್ತಿದ್ದ. ಹತ್ತು ಹೆಜ್ಜೆ ನಡೆದರೆ ಸಾಕಿತ್ತು. ಅವನ ಕಾಲುಗಳು ಬಸ್ಸಿನ ಹಿಂದಿನಿಂದ ಬಳಸಿಕೊಂಡು ಆಚೆ ಬದಿಗೆ ಹೋದವು. ಅಲ್ಲಿ ಪಕ್ಕದ ಬಸ್ಸಿಗೂ ಇದಕ್ಕೂ ನಡುವೆ ಒಬ್ಬ ನಿಲ್ಲುವಷ್ಟು ಸಂದಿ. ನಿಂತ.

ಹಬೆ ಕೂತ ಗಾಜಿನಾಚೆ, ಎದುರು ಬದಿಯ ಕಿಟಕಿಯಲ್ಲಿ, ಮಗಳ ತಲೆಯ ಹಿಂಭಾಗ ಕಂಡಿತು. ಎರಡು ಜಡೆ. ಅವಳು ಅಂಗೈಯಿಂದ ಗಾಜು ಒರೆಸಿ ಹೊರಗೆ ನೋಡುತ್ತಿದ್ದಳು. ಹಬೆ ಕೂಡುತ್ತಿತ್ತು, ಮತ್ತೆ ಒರೆಸುತ್ತಿದ್ದಳು. ಹೆಂಡತಿ ಏನೋ ಹೇಳಿದಳು. ಮಗಳು ತಿರುಗದೆ ತಲೆ ಅಲ್ಲಾಡಿಸಿದಳು.

ಗಾಜಿಗೆ ಕೈ ಎಟುಕುತ್ತಿತ್ತು. ಬಡಿದರೆ ತಿರುಗುತ್ತಿದ್ದಳು. ಅವನು ಕೈ ಎತ್ತಿದ. ತಿರುಗಿದ ಮುಖ ಹೇಗಿರಬಹುದೆಂದು ಯೋಚಿಸಿದ. ಯೋಚನೆ ಮುಗಿಯುವ ಮುಂಚೆ ಬಸ್ಸು ನಡುಗಿತು, ಹೊರಟಿತು, ತಿರುವಿನಲ್ಲಿ ಮರೆಯಾಯಿತು.

ಅವನೆದುರು ಈಗ ಹೆಂಡತಿಯ ಅಣ್ಣ ಕೊಡೆ ಹಿಡಿದು ನಿಂತಿದ್ದ. ಇಬ್ಬರ ನಡುವೆ ಬಸ್ಸಿನಷ್ಟೇ ಜಾಗ.

“ಎಲ್ಲಿದ್ರಿ?” ಎಂದ ಅಣ್ಣ.

“ಇಲ್ಲೇ ಇದ್ದೆ.”

ಅದೂ ನಿಜವೇ. ಅಣ್ಣ ತಿರುಗಿ ಹೊರಟುಹೋದ.

ನೆಲವೆಲ್ಲ ಒದ್ದೆ. ಬಸ್ಸು ನಿಂತಿದ್ದಲ್ಲಿ ಮಾತ್ರ ಉದ್ದಕ್ಕೆ ಒಂದು ಒಣ ಚೌಕ, ಗೆರೆ ಎಳೆದಂತೆ. ಅವನು ಅದರೊಳಗೆ ಹೋಗಿ ನಿಂತ. ಅಲ್ಲೂ ಹನಿಗಳು ಬೀಳತೊಡಗಿದವು. ಮೊದಲು ಚುಕ್ಕಿ ಚುಕ್ಕಿ, ಆಮೇಲೆ ಒಂದಕ್ಕೊಂದು ಕೂಡಿಕೊಂಡು. ಚೌಕ ಎಲ್ಲಿತ್ತೆಂಬುದೇ ಅಳಿಸಿಹೋಯಿತು. ಅವನ ಅಂಗಾಲಿನ ಕೆಳಗಿನ ಎರಡು ಗುರುತು ಮಾತ್ರ ಇನ್ನೂ ಒಣಗಿಯೇ ಇದ್ದಿರಬೇಕು. ಅದನ್ನು ನೋಡಬೇಕಾದರೆ ಅವನು ಕದಲಬೇಕಿತ್ತು.