ಮುಂದಿನ ಸೀಟು

ಲಾರಿ ಹಾದುಹೋದ ಮೇಲೂ ರತ್ನಕ್ಕ ಹಿಡಿದ ಕಂಬಿಯನ್ನು ಬಿಡಲಿಲ್ಲ. ವ್ಯಾನಿನ ಮೂತಿ ತುಮಕೂರು ರಸ್ತೆಯೊಳಕ್ಕೆ ಒಂದು ಮಾರು ನುಗ್ಗಿ ನಿಂತಿತ್ತು. ಲಾರಿಯವನು ಬೈದದ್ದು ಅವನದೇ ಹಾರನ್ನಿನಲ್ಲಿ ಮುಚ್ಚಿಹೋಗಿ, ಬಾಯಿ ಆಡಿದ್ದಷ್ಟೇ ಕಂಡಿತು. ಹಿಂದೆ ಕೂತ ಹೆಂಗಸರ ಊಟದ ಡಬ್ಬಿಗಳು ಮುಂದಕ್ಕೆ ಉರುಳಿ ಬಂದಿದ್ದವು. ಯಾರದೋ ಸಾರು ಚೆಲ್ಲಿ ವ್ಯಾನಿನ ತುಂಬ ಹುಣಸೆಯ ವಾಸನೆ.

"ಏನಾಯ್ತಣ್ಣ?" ಎಂದು ಹಿಂದಿನ ಸಾಲಿನಿಂದ ಮುನಿಕೃಷ್ಣಮ್ಮ ಕೇಳಿದಳು.

"ಏನಿಲ್ಲ ಕಣಮ್ಮ, ಕಾಲು ಜಾರ್ತು," ಎಂದ ಡ್ರೈವರ್ ಚಿಕ್ಕಮಾರಯ್ಯ.

ಕಾಲು ಜಾರಿರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ರತ್ನಕ್ಕ ನೋಡಿದ್ದಳು. ಎಂಟನೇ ಮೈಲಿಯ ಇಳಿಜಾರು ಶುರುವಾದಾಗಿನಿಂದ ಅವನು ಬ್ರೇಕನ್ನು ತುಳಿಯುತ್ತಲೇ ಇದ್ದ. ತುಳಿದಷ್ಟೂ ಸಲ ಪೆಡಲು ಹಿಟ್ಟಿನೊಳಗೆ ಕಾಲಿಟ್ಟ ಹಾಗೆ ನೆಲಕ್ಕೆ ಇಳಿಯುತ್ತಿತ್ತು. ಕೊನೆಗೆ ಗೇರು ಇಳಿಸಿ, ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕು ಎಳೆದು ನಿಲ್ಲಿಸಿದ್ದ. ಅವನ ಕತ್ತಿನಿಂದ ಬೆವರು ಇಳಿಯುತ್ತಿತ್ತು.

"ರತ್ನಕ್ಕ ಮುಂದೆ ಕೂತವ್ರಲ್ಲ, ನಮಗೇನಾಗುತ್ತೆ ಬಿಡು," ಎಂದು ಮುನಿಕೃಷ್ಣಮ್ಮ ಪಕ್ಕದವಳಿಗೆ ಹೇಳುತ್ತ ಡಬ್ಬಿ ಎತ್ತಿಕೊಂಡಳು. ಯಾರೋ ನಕ್ಕರು. ವ್ಯಾನು ಪೀಣ್ಯದ ಕಡೆ ಹೊರಟಿತು. ಆ ಮಾತು ಮಾತ್ರ ರತ್ನಕ್ಕನಿಗೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿಯಿತು.

ವ್ಯಾನು ಬಾಗಲಗುಂಟೆಯ ಬೈರಣ್ಣನದು. ಹೊಲ ಲೇಔಟಿಗೆ ಹೋದಾಗ ಬಂದ ದುಡ್ಡಿನಲ್ಲಿ ಕೊಂಡದ್ದು. ದಿನಾ ಬೆಳಿಗ್ಗೆ ಹೆಸರಘಟ್ಟದ ಕಡೆಯಿಂದ ಹೆಂಗಸರನ್ನು ತುಂಬಿಕೊಂಡು ಪೀಣ್ಯದ ಸ್ವಿಚ್ಚಿನ ಕಾರ್ಖಾನೆಗೆ ಬಿಡುತ್ತಿತ್ತು. ರತ್ನಕ್ಕನೂ ಅದೇ ಕಾರ್ಖಾನೆಯವಳು. ಅವಳೂ ಗಂಡ ಶೇಖರಪ್ಪನೂ ಬೈರಣ್ಣನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದರು. ಹಾವೇರಿಯ ಕಡೆಯಿಂದ ವರ್ಗವಾಗಿ ಬಂದ ಶೇಖರಪ್ಪ ಸರ್ಕಾರದ ಬ್ರೇಕ್ ಇನ್‌ಸ್ಪೆಕ್ಟರು. ವ್ಯಾನು, ಲಾರಿ, ಬಸ್ಸುಗಳು ರಸ್ತೆಗೆ ಇಳಿಯಲು ಯೋಗ್ಯವೋ ಅಲ್ಲವೋ ಎಂದು ವರ್ಷಕ್ಕೊಮ್ಮೆ ನೋಡಿ ಎಫ್‌ಸಿ ಕೊಡುವವನು. ಯಾರಿಂದಲೂ ಒಂದು ಲೋಟ ಚಹಾ ಸಹ ಕುಡಿಯದವನೆಂದು ಹೆಸರು. ಬೈರಣ್ಣನ ವ್ಯಾನನ್ನು ಕಳೆದ ಮಳೆಗಾಲದಲ್ಲಿ ಪಾಸು ಮಾಡಿದ್ದು ಅವನೇ.

ಆವತ್ತಿನಿಂದ ಬೈರಣ್ಣ ಮುಂದಿನ ಸೀಟನ್ನು ರತ್ನಕ್ಕನಿಗೇ ಎಂದು ಬಿಡಿಸಿದ್ದ. "ಬ್ರೇಕ್ ಇನ್‌ಸ್ಪೆಕ್ಟ್ರ ಮನೆಯೋರೇ ನಮ್ ಗಾಡೀಲಿ ಓಗ್ತಾರೆ. ಇದಕ್ಕಿಂತ ಎಫ್‌ಸಿ ಬೇಕಾ?" ಎಂದು ದಾಸರಹಳ್ಳಿಯ ತನಕ ಹೇಳಿಕೊಂಡು ಬಂದಿದ್ದ. ಅವಳಿಗೂ ಅದು ಹಿತವಾಗಿಯೇ ಇತ್ತು. ಗಾಳಿ ಬರುವ ಸೀಟು, ಅಕ್ಕ ಅಕ್ಕ ಎನ್ನುವ ಹೆಂಗಸರು. ಇವತ್ತು ಕಾರ್ಖಾನೆಯ ಗೇಟಿನಲ್ಲಿ ಇಳಿಯುವಾಗ ವ್ಯಾನಿನ ಮೂತಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ಕಣ್ಣಿಗೆ ಬಿತ್ತು. ತಾನೂ ಅದರ ಜೊತೆಗೆ ಕಟ್ಟಿಸಿಕೊಂಡವಳೇ ಅನ್ನಿಸಿತು.

ಎಲ್ಲರೂ ಒಳಗೆ ಹೋದ ಮೇಲೆ ಅವಳು ಹಿಂದೆ ಉಳಿದಳು. "ಖರೇ ಹೇಳ್ರಿ ಅಣ್ಣಾರ. ಬ್ರೇಕ್ ಹಿಡಿಯೂದಿಲ್ಲ, ಹೌದಿಲ್ಲೋ?"

ಚಿಕ್ಕಮಾರಯ್ಯ ಬೀಡಿ ಹಚ್ಚಲು ಹೋಗಿ ಕಡ್ಡಿ ಮುರಿದ. "ಬೆಳಿಗ್ಗೆ ಬ್ರೇಕ್ ಎಣ್ಣೆ ಉಯ್ತೀನಿ, ಸಂಜೆಗೆ ಇಳ್ದೋಗಿರ್ತದೆ. ಇವತ್ತು ಅಷ್ಟೊತ್ತೂ ತಡೀಲಿಲ್ಲ. ಯಜಮಾನ್ರಿಗೆ ಏಳಿದೀನಿ ಕಣಮ್ಮ. ಇನ್‌ಸ್ಪೆಕ್ಟ್ರು ಪಾಸ್ ಮಾಡವ್ರೆ, ನೀನೇನ್ ಅವರಿಗಿಂತ ದೊಡ್ಡೋನಾ ಅಂತಾರೆ. ಬಿಟ್ಟೋಗಾನ ಅಂದ್ರೆ ಇನ್ನೊಂದ್ ಗಾಡಿ ಯಾರ್ ಕೊಡ್ತಾರೆ?"

ಆ ದಿನ ಅವಳ ಕೈಯಿಂದ ಸ್ವಿಚ್ಚಿನ ಸ್ಪ್ರಿಂಗುಗಳು ಮತ್ತೆ ಮತ್ತೆ ಹಾರಿದವು. ಸಂಜೆ ವ್ಯಾನು ಹತ್ತದೆ ಇನ್ಯಾರ ಜೊತೆಗೋ ಬಸ್ಸಿನಲ್ಲಿ ಬಂದವಳು ಚೀಲ ಇಳಿಸುವ ಮೊದಲೇ ಬೈರಣ್ಣನ ಕೊಟ್ಟಿಗೆಯ ಹತ್ತಿರ ಹೋದಳು. ಅವನು ಹಸುವಿಗೆ ಹುಲ್ಲು ಹಾಕುತ್ತಿದ್ದ. ಹೆಂಡತಿ ನಾರಾಯಣಮ್ಮ ಹಾಲು ಕರೆಯುತ್ತಿದ್ದಳು.

"ಅಲ್ಲ ಕಣಮ್ಮ, ನಾನು ರಾಗಿ ಬೆಳ್ದೋನು," ಎಂದ ಬೈರಣ್ಣ, ಎಲ್ಲ ಕೇಳಿದ ಮೇಲೆ. "ಗಾಡಿ ಒಟ್ಟೆ ಒಳಗೆ ಏನೈತೆ ಅಂತ ನಂಗೇನ್ ಗೊತ್ತು? ಅದನ್ನ ನೋಡೋಕೇ ಅಂತ ಸರ್ಕಾರ ನಿಮ್ಮೋರ್ನ ಮಡಗಿರೋದು. ಅವರು ಸರಿಗೈತೆ ಅಂದ್ರು. ಇನ್ನು ನನ್ನೇನ್ ಕೇಳ್ತೀರ? ಓಗಿ ಅವರನ್ನೇ ಕೇಳಿ."

ನಾರಾಯಣಮ್ಮ ಹಾಲು ಕರೆಯುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿ, ಮತ್ತೆ ಕೆಚ್ಚಲಿಗೆ ಕೈ ಹಾಕಿದಳು.

ರಾತ್ರಿ ಊಟಕ್ಕೆ ಕೂತ ಶೇಖರಪ್ಪ ರೊಟ್ಟಿ ಮುರಿಯುತ್ತ ಅವಳ ಮಾತನ್ನು ತಾಳ್ಮೆಯಿಂದಲೇ ಕೇಳಿಸಿಕೊಂಡ. "ವರ್ಷದಾಗ ಒಂದ್ ದಿವಸ ನೋಡೂದು ನಮ್ಮ ಕೆಲಸ," ಎಂದ. "ಉಳಿದ ದಿವಸ ನೋಡೂದು ಮಾಲಕಂದು. ಡಾಕ್ಟರು ಇವತ್ತ ಆರಾಮ ಅದಿ ಅಂದ, ನಾಳೆ ಜ್ವರ ಬಂತು. ಅದು ಡಾಕ್ಟರನ ತಪ್ಪೇನು?"

"ನೀವು ನೋಡಿದಾಗ ಚಲೋ ಇತ್ತೇನ್ರಿ?"

"ನಾನಽ ನಡೆಸಿ ನೋಡೇನಿ. ಹಾಕಿದಲ್ಲಿ ನಿಂತಿತ್ತು."

"ಕೆಳಗ ಹೊಕ್ಕು ನೋಡಿದ್ರಿ?"

ಶೇಖರಪ್ಪ ರೊಟ್ಟಿಯ ತುಂಡನ್ನು ತಾಟಿಗೆ ಇಟ್ಟ. "ನನ್ನ ಕೆಲಸ ನನಗ ಕಲಸಬ್ಯಾಡ," ಎಂದು ಎದ್ದು ಕೈ ತೊಳೆಯಲು ಹೋದ.

ಅವಳಿಗೆ ವ್ಯಾನು ಪಾಸಾದ ದಿನ ನೆನಪಿತ್ತು. ಬೆಳಗಿನಿಂದ ಮಳೆ ಹೊಡೆದಿತ್ತು. ಗಾಡಿಗಳನ್ನು ನೋಡುವ ಮೈದಾನವೆಲ್ಲ ಕೆಸರು ಎಂದು ಅವನೇ ಬಂದು ಹೇಳಿದ್ದ. ಮಾರನೆಯ ದಿನ ಒಗೆಯಲು ಹಾಕಿದ ಅವನ ಅಂಗಿ, ಪ್ಯಾಂಟು ಎತ್ತಿದಾಗ ಬೆನ್ನಿಗೂ ಮಂಡಿಗೂ ಒಂದು ಕಲೆ ಇರಲಿಲ್ಲ. ತಿಕ್ಕುವ ಕೆಲಸ ಉಳಿಯಿತೆಂದು ಅವಳು ಖುಷಿಪಟ್ಟಿದ್ದಳು.

ಬೆಳಿಗ್ಗೆ ವ್ಯಾನು ಎಂದಿನಂತೆ ಕಾಂಪೌಂಡಿನ ಮುಂದೆ ಬಂದು ನಿಂತಿತು. ಚಿಕ್ಕಮಾರಯ್ಯ ಕೈ ಚಾಚಿ ಮುಂದಿನ ಬಾಗಿಲು ತೆರೆದ. ರತ್ನಕ್ಕ ಡಬ್ಬಿಯ ಚೀಲ ಹಿಡಿದು ಬಾಗಿಲ ಹತ್ತಿರ ಬಂದಳು, ಹತ್ತಲಿಲ್ಲ.

"ಬನ್ನಿ ಅಕ್ಕ, ಟೈಮಾಯ್ತು."

"ನಾ ಹತ್ತೂದಿಲ್ಲ," ಎಂದಳು. ತಾನಂದುಕೊಂಡದ್ದಕ್ಕಿಂತ ದನಿ ಸಣ್ಣಗೆ ಬಂತು. "ಇದರ ಬ್ರೇಕ್ ಹೋಗೇತಿ. ನಿನ್ನಿ ನಾವು ಉಳಿದದ್ದಽ ದೊಡ್ಡದು. ನೀವೂ ಇಳೀರಿ."

ವ್ಯಾನಿನೊಳಗೆ ಗುಸುಗುಸು ಎದ್ದಿತು. ಚಿಕ್ಕಮಾರಯ್ಯ ಎಂಜಿನ್ ಆರಿಸಿದ. ಮುನಿಕೃಷ್ಣಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ನಿಮ್ಮನೆಯೋರೇ ಪಾಸ್ ಮಾಡಿದ್ದಲ್ವಾ?"

"ಹೌದು, ಅವರಽ ಮಾಡ್ಯಾರ."

"ಮತ್ತೆ ಇಷ್ಟ್ ದಿನ ಅದೇ ಸೀಟಲ್ಲಿ ಕೂತ್ಕೊಂಡ್ ಬಂದ್ರಿ. ಇವತ್ತು ಇಳೀರಿ ಅಂತೀರಿ. ನೀವು ಆಫೀಸರ್ ಹೆಂಡ್ತಿ, ರಜೆ ಹಾಕ್ತೀರ. ನಾವು ಲೇಟಾದ್ರೆ ಗೇಟ್ ಮುಚ್ತಾರೆ. ನಂಗಿನ್ನೂ ಕೆಲಸ ಖಾಯಂ ಆಗಿಲ್ಲ."

ಅಷ್ಟರಲ್ಲಿ ಬೈರಣ್ಣ ಟವಲು ಹೆಗಲಿಗೆ ಹಾಕಿಕೊಳ್ಳುತ್ತ ಬಂದ. "ಮನೆ ಕೊಟ್ಟಿದ್ದಕ್ಕೆ ಇದಾ ನೀವ್ ಮಾಡೋದು? ನನ್ ಅನ್ನಕ್ಕೆ ಮಣ್ಣಾಕ್ತೀರಾ? ಸಾರ್‌ನ ಕರೀರಿ. ಎಲ್ಲಾರ್ ಮುಂದೆ ಅವರೇ ಏಳ್ಲಿ."

ಕರೆಯುವ ಅಗತ್ಯವಿರಲಿಲ್ಲ. ಶೇಖರಪ್ಪ ಬನಿಯನ್ನಿನಲ್ಲೇ ಓಣಿಯ ಬಾಯಿಗೆ ಬಂದು ನಿಂತಿದ್ದ. ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ.

"ಏಳಿ ಸಾರ್," ಎಂದ ಬೈರಣ್ಣ. "ನೀವೇ ಪಾಸ್ ಮಾಡಿದ್ ಗಾಡಿ. ಸರಿಗೈತೋ ಇಲ್ವೋ? ಒಂದ್ ಮಾತು."

ಕಿಟಕಿಗಳಿಂದ ಹೆಂಗಸರೆಲ್ಲ ಅವನನ್ನೇ ನೋಡಿದರು. ಸರಿಯಾಗಿದೆ ಎಂದರೆ ಸಾಕು, ವ್ಯಾನು ಹೊರಡುತ್ತದೆ ಎಂದು ರತ್ನಕ್ಕನಿಗೆ ಗೊತ್ತಿತ್ತು. ಅವನು ಅಂದುಬಿಡುತ್ತಾನೆ ಎಂದೂ ಒಂದು ಗಳಿಗೆ ಅನ್ನಿಸಿತು. ಶೇಖರಪ್ಪ ಹೆಂಡತಿಯ ಕಡೆ ನೋಡಲಿಲ್ಲ. ತನ್ನ ಕೈಯಲ್ಲಿದ್ದ ಟವಲಿನಿಂದ ಕೆನ್ನೆ ಒರೆಸಿಕೊಂಡು, ಅದನ್ನೇ ನೆಲಕ್ಕೆ ಹಾಸಿ, ಮಲಗಿ, ವ್ಯಾನಿನ ಕೆಳಗೆ ತೆವಳಿದ. ಅವನ ಎರಡು ಪಾದಗಳಷ್ಟೇ ಹೊರಗುಳಿದವು. ಹಿಮ್ಮಡಿ ಒಡೆದಿದ್ದು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಮುಚ್ಚಿಬಿಡಬೇಕು ಅನ್ನಿಸಿ ಅವಳು ಒಂದು ಹೆಜ್ಜೆ ಮುಂದಿಟ್ಟು ನಿಂತಳು.

ಹೊರಗೆ ಬಂದಾಗ ಅವನ ಬೆರಳುಗಳು ಕಪ್ಪಗೆ ಒದ್ದೆಯಾಗಿದ್ದವು. "ಹಿಂದಿನ ಗಾಲಿಗೆ ಹೋಗೂ ಪೈಪು ತುಕ್ಕು ತಿಂದು ತೂತು ಬಿದ್ದೇತಿ," ಎಂದ.

"ತುಕ್ಕು ಒಂದಿನಕ್ಕೆ ಇಡೀತದಾ ಸಾರ್?" ಎಂದ ಬೈರಣ್ಣ.

"ಇಲ್ಲ. ಅವತ್ತೂ ತುಕ್ಕು ಇದ್ದಿರಬೇಕು. ನಾ ಕೆಳಗ ಹೋಗಲಿಲ್ಲ. ರಾಡಿ ಇತ್ತು."

ಬೈರಣ್ಣ ಹೆಂಗಸರ ಕಡೆ ತಿರುಗಿದ. "ಕೇಳುಸ್ಕಂಡ್ರಾ? ನಂದೇನೈತೆ ಇದ್ರಲ್ಲಿ?"

ಚಿಕ್ಕಮಾರಯ್ಯ ಸ್ಟೇರಿಂಗ್ ನೋಡುತ್ತ, "ನಾನ್ ನಿಮಗೆ ಎಷ್ಟ್ ಸಲ ಏಳ್ದೆ ಯಜಮಾನ್ರೆ," ಎಂದ.

"ಹೇಳ್ಕೊಂಡೇ ಓಡಿಸ್ತಿದ್ದೆಯಲ್ಲ," ಎನ್ನುತ್ತ ಮುನಿಕೃಷ್ಣಮ್ಮ ಕೆಳಗಿಳಿದಳು. ಇಳಿದವಳು ರತ್ನಕ್ಕನನ್ನೂ ಒಮ್ಮೆ ನೋಡಿದಳು. ಒಬ್ಬೊಬ್ಬರಾಗಿ ಉಳಿದವರೂ ಇಳಿದರು.

"ಎಫ್‌ಸಿ ರದ್ದು ಮಾಡ್ರಿ ಅಂತ ನಾನಽ ಬರೀತೀನಿ," ಎಂದ ಶೇಖರಪ್ಪ. "ರಿಪೇರಿ ಆಗೂತನಕ ಇದು ಹೊರಗ ಬರಬಾರದು."

"ಬರೆದ್ರೆ ಮ್ಯಾಲಿನೋರು ನಿಮ್ಮನ್ ಸುಮ್ಕೆ ಬಿಡ್ತಾರಾ?" ಎಂದ ಬೈರಣ್ಣ.

"ಬಿಡೂದಿಲ್ಲ."

ಬೈರಣ್ಣ ಟವಲಿನಿಂದ ಮುಖ ಒರೆಸಿಕೊಂಡ. ಖಾಲಿಯಾದ ಸೀಟುಗಳನ್ನು ನೋಡುತ್ತ ನಿಂತ.

ಹೆಂಗಸರು ಎಂಟನೇ ಮೈಲಿಯ ಕಡೆಗೆ ಬಿರಬಿರನೆ ನಡೆಯತೊಡಗಿದರು. ಗೇಟು ಮುಚ್ಚುವುದರೊಳಗೆ ಮುಟ್ಟುವುದು ಆಗದ ಮಾತೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಯಾರೂ ನಿಧಾನಿಸಲಿಲ್ಲ. ರತ್ನಕ್ಕ ಅವರ ಹಿಂದೆ ಹೊರಟಳು. ಮುನಿಕೃಷ್ಣಮ್ಮ ತಿರುಗಿ ನೋಡಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ.

ರಸ್ತೆಯ ತಿರುವಿನಲ್ಲಿ ರತ್ನಕ್ಕ ಒಮ್ಮೆ ಹಿಂದಿರುಗಿ ನೋಡಿದಳು. ಕಾಂಪೌಂಡಿನ ಏರಿನಲ್ಲಿ ಬೈರಣ್ಣನೂ ಶೇಖರಪ್ಪನೂ ಭುಜಕ್ಕೆ ಭುಜ ತಾಗಿಸಿ ವ್ಯಾನನ್ನು ಒಳಕ್ಕೆ ತಳ್ಳುತ್ತಿದ್ದರು. ಚಿಕ್ಕಮಾರಯ್ಯ ಸ್ಟೇರಿಂಗ್ ಹಿಡಿದಿದ್ದ. ಅದು ಒಂದು ಗೇಣು ಏರುತ್ತಿತ್ತು, ಅರ್ಧ ಗೇಣು ಹಿಂದಕ್ಕೆ ಬರುತ್ತಿತ್ತು. ಅವರ ಪಕ್ಕದಲ್ಲೇ ನಾರಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ದಪ್ಪದೊಂದು ಕಲ್ಲು ಹೊತ್ತು, ಹಿಂದಿನ ಗಾಲಿಯ ಮೇಲೆ ಕಣ್ಣಿಟ್ಟು, ಬಗ್ಗಿ ಬಗ್ಗಿ ನಡೆಯುತ್ತಿದ್ದಳು.