ಕುಣಿಯೋ ಗ್ಯಾರಡ್ಡರು

ಪಬ್ಬಿನ ಬಾಗಿಲು ತಳ್ಳುವ ಮೊದಲು ಮ್ಯೂರಿಯಲ್ ಎಡಗೈಯನ್ನು ಕೋಟಿನ ಜೇಬಿಗೆ ಇಳಿಸಿಕೊಂಡಳು. ಆ ಕೈಗೆ ಏನೂ ಆಗಿರಲಿಲ್ಲ. ಆದರೂ ಕೆಲವು ವಾರಗಳಿಂದ ಅವಳು ಅದನ್ನು ಕಳ್ಳನನ್ನು ಕಾಯುವ ಹಾಗೆ ಕಾಯುತ್ತಿದ್ದಳು.

ಕಳ್ಳ ಮೊದಲು ಸಿಕ್ಕಿದ್ದು ತಮ್ಮನ ಮೈಯಲ್ಲಿ. ಸಿರಿಲ್ ಊಟಕ್ಕೆ ಕೂತರೆ ಫೋರ್ಕು ಹಾರಿ ಬೀಳುತ್ತಿತ್ತು, ನಿಂತರೆ ಭುಜ ತಾನಾಗಿಯೇ ಕೊಸರುತ್ತಿತ್ತು. ಇಪ್ಸ್ವಿಚ್ಚಿನ ಡಾಕ್ಟರು ಅವನನ್ನು ನಡೆಸಿ ನೋಡಿದರು. ಆಮೇಲೆ ಅವಳೊಬ್ಬಳನ್ನೇ ಒಳಗೆ ಕರೆದರು.

"ಇದು ರಕ್ತದಲ್ಲಿ ಬರೋ ಕಾಯಿಲೆ ಇರಬಹುದಮ್ಮ. ಕಂಡುಹಿಡಿಯೋಕೆ ಪರೀಕ್ಷೆ ಅಂತ ಯಾವುದೂ ಇಲ್ಲ. ನಿಮ್ಮ ತಂದೆ ಕಡೆಯವರು ಹೇಗೆ ಸತ್ತರು ಅಂತ ತಿಳ್ಕೊಂಡು ಬನ್ನಿ. ಅದೇ ಪರೀಕ್ಷೆ."

"ಇದ್ದರೆ?"

"ಇದ್ದರೆ ಮಕ್ಕಳಲ್ಲಿ ಅರ್ಧಕ್ಕರ್ಧ. ಕೈಕಾಲು ಮಾತು ಕೇಳಲ್ಲ, ಆಮೇಲೆ ಬುದ್ಧಿ ಕೇಳಲ್ಲ. ಬರೋದು ನಡುವಯಸ್ಸಿನಲ್ಲಿ, ಕೆಲವರಿಗೆ ಇನ್ನೂ ತಡವಾಗಿ." ಡಾಕ್ಟರು ಕನ್ನಡಕ ತೆಗೆದರು. "ನಿಮಗೆ ಸಿಟ್ಟು ಹೆಚ್ಚೇ?"

"ಹುಟ್ಟಿದಾಗಿಂದ," ಎಂದು ಅವಳು ಕಿಡಿಕಾರಿದಳು. ಡಾಕ್ಟರು ಅದನ್ನೂ ಬರೆದುಕೊಂಡರು. ಅವತ್ತಿನಿಂದ ಅವಳಿಗೆ ತನ್ನ ಸಿಟ್ಟಿನ ಮೇಲೂ ಭಯ ಶುರುವಾಯಿತು. ಕಾರ್ಖಾನೆಯ ಅಡಿಗೆಮನೆಯಲ್ಲಿ ಹುಡುಗಿಯರನ್ನು ಗದರಿದಾಗಲೆಲ್ಲ, ಈಗ ಗದರಿದ್ದು ನಾನೋ ಆ ಕಾಯಿಲೆಯೋ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಅಪ್ಪ ವಾಲ್ಟರ್ ಗ್ಯಾರಡ್ ಸತ್ತಾಗ ಅವಳಿನ್ನೂ ಚಿಕ್ಕವಳು. ಕುಡಿದು ಸತ್ತ ಎಂದು ಅಮ್ಮ ಹೇಳಿದ್ದಳು. ಬದುಕಿರುವ ತನಕ ಅಮ್ಮ ಆ ಮಾತು ಬದಲಿಸಲಿಲ್ಲ. ಅಪ್ಪ ತೂರಾಡುತ್ತಿದ್ದದ್ದು, ಗೋಡೆ ಹಿಡಿದು ನಡೆಯುತ್ತಿದ್ದದ್ದು ಮ್ಯೂರಿಯಲ್‌ಗೆ ನೆನಪಿತ್ತು. ಬಾಯಿಂದ ಹೆಂಡದ ವಾಸನೆ ಬಂದದ್ದು ಮಾತ್ರ ನೆನಪಿರಲಿಲ್ಲ. ಅವನ ಹುಟ್ಟೂರು ವೆನ್‌ಹಾಲ್ಟ್, ಅಲ್ಲಿ ಕಾಗೆ ಓಣಿ. ಅದರಾಚೆಗೆ ಮನೆಯಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ.

ಹಾಗಾಗಿ ಎಪ್ಪತ್ನಾಲ್ಕರ ಮಾರ್ಚಿನಲ್ಲಿ ಅವಳು ವೆನ್‌ಹಾಲ್ಟಿಗೆ ಬಸ್ಸು ಹತ್ತಿದಳು. ಮಗಳು ಹೇಝೆಲ್‌ಗೆ ನಿಜ ಹೇಳಿರಲಿಲ್ಲ. ಹೇಝೆಲ್ ಚೊಚ್ಚಲ ಬಸುರಿ. "ಅಜ್ಜ, ಮುತ್ತಜ್ಜ ಎಲ್ಲರ ಹೆಸರೂ ಹುಡುಕ್ಕೊಂಡು ಬಾಮ್ಮ, ಚಂದ ಬರೆಸಿ ತೊಟ್ಟಿಲ ಮೇಲೆ ತೂಗುಹಾಕೋಣ," ಎಂದು ಕುಣಿದಾಡಿಕೊಂಡು ಕಳಿಸಿದ್ದಳು.

ಬೆಳಿಗ್ಗೆಯೆಲ್ಲ ಚರ್ಚಿನ ಹಿಂದಿನ ಒದ್ದೆ ಹುಲ್ಲಿನಲ್ಲಿ ಅಲೆದದ್ದಾಯಿತು. ಗ್ಯಾರಡ್ ಅನ್ನುವ ಗೋರಿಕಲ್ಲುಗಳಿಗೇನೂ ಬರವಿರಲಿಲ್ಲ. ಪಾಚಿ ಕೆರೆದು ಕೆರೆದು ಉಗುರು ಹಸಿರಾಯಿತು. ಆದರೆ ಕಲ್ಲು ಹೆಸರು ಹೇಳುತ್ತದೆ, ಹೇಗೆ ಸತ್ತರೆಂದು ಹೇಳುವುದಿಲ್ಲ. ಅದನ್ನು ಬದುಕಿರುವವರನ್ನೇ ಕೇಳಬೇಕು.

ಪಬ್ಬಿನಲ್ಲಿ ಇಬ್ಬರು ಮುದುಕರು ಬೆಂಕಿಯ ಪಕ್ಕ ಡಾಮಿನೋ ಬಿಲ್ಲೆಯಾಟ ಆಡುತ್ತಿದ್ದರು. ಒಡೆಯ ಸಿಡ್ನಿ ಲೋಟ ಒರೆಸುತ್ತಿದ್ದ. ಅವಳು ತಾನು ಗ್ಯಾರಡ್ ಮನೆತನದವಳು, ವಾಲ್ಟರನ ಮಗಳು ಎಂದಳು.

"ಯಾವ ಗ್ಯಾರಡ್ಡು ತಾಯಿ?" ಎಂದ ಸಿಡ್ನಿ. "ಗಿರಣಿ ಗ್ಯಾರಡ್ಡಾ, ಕುಣಿಯೋ ಗ್ಯಾರಡ್ಡಾ?"

"ಅದೆಲ್ಲ ನಂಗೇನು ಗೊತ್ತು? ಕಾಗೆ ಓಣಿಯವರು."

ಡಾಮಿನೋ ಸದ್ದು ನಿಂತಿತು. "ಹಾಗಾದ್ರೆ ಕುಣಿಯೋರೇ," ಎಂದ ಮುದುಕರಲ್ಲಿ ಒಬ್ಬ, ತನ್ನ ಕೈಯ ಬಿಳಿ ಬಿಲ್ಲೆಗೆ ಹೇಳುವ ಹಾಗೆ.

ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತು. ಆ ಸೀಮೆಯಲ್ಲಿ ಜನವರಿಯ ನೇಗಿಲ ಸೋಮವಾರ ಉಳುವವರು ಬಣ್ಣ ಬಣ್ಣದ ಚಿಂದಿ ಕಟ್ಟಿಕೊಂಡು ಮನೆಮನೆಗೆ ಕುಣಿಯುತ್ತಾ ಬರುತ್ತಿದ್ದರೆಂದು ಅವಳೂ ಕೇಳಿದ್ದಳು. ಹೆದರಿದವರ ಕಿವಿ ತನಗೆ ಬೇಕಾದ್ದನ್ನೇ ಕೇಳುತ್ತದೆ. ತನ್ನವರು ಆ ಮೇಳದವರು, ಕಾಯಿಲೆಯವರಲ್ಲ. ಹೇಝೆಲ್‌ನ ತೊಟ್ಟಿಲ ಮೇಲೆ ಕುಣಿಯೋ ಗ್ಯಾರಡ್ಡರು!

"ಅದಕ್ಕೇ ಮತ್ತೆ ನಂಗೂ ಕಾಲು ಸುಮ್ನಿರಲ್ಲ," ಎಂದು ನಕ್ಕಳು. "ನಮ್ಮ ಕಾರ್ಖಾನೆ ಡ್ಯಾನ್ಸಲ್ಲಿ ಪ್ರತಿ ವರ್ಷ ನನಗೇ ಬಹುಮಾನ."

ಯಾರೂ ನಗಲಿಲ್ಲ. ಅವಳ ಪಕ್ಕದಲ್ಲಿದ್ದ ಮುದುಕ ತನ್ನ ಬಿಯರ್ ಲೋಟವನ್ನು ಮೆಲ್ಲಗೆ ಎತ್ತಿ ಮೇಜಿನ ಆ ತುದಿಗೆ ಇಟ್ಟುಕೊಂಡ.

"ಏನ್ ಯಜಮಾನ್ರೇ, ನಿಮ್ಮ ಬಿಯರ್ ಕದೀತೀನಿ ಅಂದ್ಕೊಂಡ್ರಾ?"

"ಅಯ್ಯೋ ಇಲ್ಲಮ್ಮ. ಅಭ್ಯಾಸ ಅಷ್ಟೆ," ಎಂದವನು ಬೆಂಕಿಯ ಕಡೆ ತಿರುಗಿದ.

ಸಿಡ್ನಿ ಗಂಟಲು ಸರಿಮಾಡಿಕೊಂಡ. "ಬರ್ತಾ ಫಿಸ್ಕ್ ಅಂತ ಒಬ್ರು ಅಜ್ಜಿ ಇದಾರೆ, ಅವ್ರ ಹತ್ರ ಹೋಗಿ. ನೀರಿನ ಪಂಪಿನ ಎದುರು ಹಳದಿ ಬಾಗಿಲು. ಅವರ ಚಿಕ್ಕಮ್ಮನ್ನ ಕಾಗೆ ಓಣಿ ಮನೆಗೇ ಕೊಟ್ಟಿದ್ದು. ನಮ್ಮ ಬಾಯಿಂದ ಯಾಕೆ ಬಿಡಿ."

ಪಂಪಿನವರೆಗಿನ ದಾರಿ ದೂರವಿರಲಿಲ್ಲ. ಆದರೆ ಆ ಲೋಟ ಸರಿದ ರೀತಿ ಅವಳ ಬೆನ್ನಿಗೇ ಬಿತ್ತು. ಬಹುಮಾನದ ಮಾತು ಯಾಕಾದರೂ ಆಡಿದೆನೋ ಎಂದು ತನ್ನನ್ನೇ ಬೈದುಕೊಂಡಳು.

ಬಾಗಿಲು ತೆರೆದ ಬರ್ತಾ ಮುದುಕಿ ಕಣ್ಣಿನ ಮುಂದೆ ಕೈ ಅಡ್ಡ ಹಿಡಿದು ನೋಡಿ, "ವಾಲ್ಟರನ ಮಗಳಾ? ಹಣೆ ನೋಡಿದ್ರೇ ಗೊತ್ತಾಗತ್ತೆ. ಬಾ ಮಗಳೇ, ಚಳೀಲಿ ನಿಲ್ಬೇಡ," ಎಂದು ಅಡಿಗೆಮನೆಗೆ ಕರೆದೊಯ್ದಳು. ಒಲೆಯ ಮೇಲೆ ಕೆಟಲ್ ಕುದಿಯುತ್ತಿತ್ತು. ಮೇಜಿನ ಮೇಲೆ ಶಾಜೀರಿಗೆ ಹಾಕಿದ ಕೇಕು. ಕಪಾಟಿನಲ್ಲಿ ನೀಲಿ ಹೂವಿನ ಪಿಂಗಾಣಿ ಕಪ್ಪುಗಳು ಸಾಲಾಗಿ ತೂಗುತ್ತಿದ್ದವು.

ಮುದುಕಿ ಮಾತಾಡುತ್ತಲೇ ತನಗೊಂದು ನೀಲಿ ಕಪ್ಪು ತೆಗೆದಿಟ್ಟಳು. ಮಾತಾಡುತ್ತಲೇ ಬಾಗಿಲ ಹಿಂದಿನ ಮೊಳೆಗೆ ಕೈಚಾಚಿ, ಬಿಳಿ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದ, ಎರಡು ಹಿಡಿಯ ತಗಡಿನ ಲೋಟವೊಂದನ್ನು ತಂದು ಮ್ಯೂರಿಯಲ್‌ನ ಮುಂದಿಟ್ಟಳು. ಅರ್ಧಕ್ಕೆ ಮಾತ್ರ ಚಹಾ ಸುರಿದಳು.

ಮ್ಯೂರಿಯಲ್‌ಗೆ ಚಿಕ್ಕಂದಿನ ಮನೆ ನೆನಪಾಯಿತು. ಅಂಥದ್ದೇ ಲೋಟ. ಎರಡು ಹಿಡಿ. ಅಪ್ಪನದು. ಅದರಲ್ಲಿ ಬೇರೆಯವರು ಕುಡಿಯುವ ಹಾಗಿರಲಿಲ್ಲ. ಅದು ನೆಲಕ್ಕೆ ಬಿದ್ದ ಸದ್ದಿನಿಂದಲೇ ಅಪ್ಪ ಎದ್ದಿದ್ದಾನೆಂದು ಮಕ್ಕಳಿಗೆ ಗೊತ್ತಾಗುತ್ತಿತ್ತು.

"ನನಗ್ಯಾಕೆ ಇದು?" ಎಂದಳು. ಗದರಿದ ಹಾಗೇ ಬಂತು.

ಮುದುಕಿ ತನ್ನ ಕೈಯನ್ನೇ ನೋಡಿಕೊಂಡಳು. ಕೆಂಪೇರಿದ ಮುಖವನ್ನು ಏಪ್ರನ್ನಿನಿಂದ ಒರೆಸಿಕೊಂಡಳು. "ತಪ್ಪು ತಿಳೀಬೇಡ ಮಗಳೇ. ಕೈ ತಾನೇ ಹೋಯ್ತು. ಕಾಗೆ ಓಣಿಯವರು ಬಂದ್ರೆ ಈ ಊರಲ್ಲಿ ಎಲ್ಲ ಮನೇಲೂ ಹೀಗೇ. ಪಿಂಗಾಣಿ ಕೊಟ್ರೆ ಒಡೀತಿತ್ತು, ಅವ್ರಿಗೇ ನಾಚಿಕೆ ಆಗ್ತಿತ್ತು. ಅದಕ್ಕೆ."

"ಅವರು ನೇಗಿಲ ಸೋಮವಾರ ಕುಣಿಯೋರಲ್ವಾ?"

"ಆ ಮೇಳದಲ್ಲಿ ಅವರೆಲ್ಲಿ ಕುಣಿದಾರು. ಇವರದು ದಿನಾ ಕುಣಿತ, ಬುಧವಾರ, ಗುರುವಾರ, ಭಾನುವಾರ ಚರ್ಚಿನಲ್ಲಿ, ಹೊಲದಲ್ಲಿ, ಹಾಸಿಗೇಲಿ," ಎಂದಳು ಮುದುಕಿ ನಿಧಾನವಾಗಿ. "ನಿಲ್ಸೋಕೆ ಆಗದ ಕುಣಿತ ಅದು. ನಿಮ್ಮಜ್ಜನ್ನ ಕೊನೇಲಿ ಹಾಸಿಗೆಗೆ ಪಟ್ಟಿ ಹಾಕಿ ಮಲಗಿಸ್ತಿದ್ರು. ನಿದ್ದೆ ಬಂದಾಗ ಮಾತ್ರ ಮೈ ಸುಮ್ನಾಗ್ತಿತ್ತು."

ಮ್ಯೂರಿಯಲ್ ಎಡಗೈಯನ್ನು ಮೇಜಿನ ಕೆಳಗೆ ಇಳಿಸಿದಳು. ಡಾಕ್ಟರಿಗೆ ಬೇಕಾದ ಪರೀಕ್ಷೆ ಮುಗಿದಿತ್ತು. ಸಿರಿಲ್‌ನ ಕಾಯಿಲೆ ರಕ್ತದ್ದೇ ಎಂದು ಖಾತ್ರಿಯಾಗಿತ್ತು. ಇನ್ನು ಉಳಿದದ್ದು ತಾನು, ಹೇಝೆಲ್, ಹೇಝೆಲ್‌ನ ಹೊಟ್ಟೆಯೊಳಗಿನದು.

"ನಮ್ಮಮ್ಮ ಕುಡುಕ ಅಂದ್ಳು. ಅಪ್ಪ ಬರೀ ಕುಡುಕ ಅಂತ, ಸಾಯೋ ತನಕ."

"ಈ ಊರು ಬಿಟ್ಟುಹೋದ ಗ್ಯಾರಡ್ ಹೆಂಗಸರೆಲ್ಲ ಹೇಳೋದು ಅದೇ. ಕುಡುಕನ ಮಗಳನ್ನ ಯಾರಾದ್ರೂ ಮದುವೆ ಆಗ್ತಾರೆ. ಕುಣಿಯೋನ ಮಗಳನ್ನ ಯಾರು ಆಗ್ತಾರೆ ಹೇಳು? ನಿಮ್ಮಮ್ಮ ನಿನ್ನ ಬದುಕು ಕಾಯ್ದಳು."

"ನನ್ನ ಕಾಯ್ದಳು, ನನ್ನ ಮಗಳನ್ನ ಗುಂಡಿಗೆ ತಳ್ಳಿದಳು." ಎದ್ದು ನಿಂತಿದ್ದಳು ಮ್ಯೂರಿಯಲ್. ಸಿಟ್ಟು ನೆತ್ತಿಗೇರಿತ್ತು, ಅದರ ಹಿಂದೆಯೇ, ಇದು ಅದೇ ಇರಬಹುದೇ ಎಂಬ ಭಯವೂ. ಮತ್ತೆ ಕೂತಳು. "ನಂಗೆ ಐವತ್ತು ದಾಟಿದೆ. ಇನ್ನೂ ಬಂದಿಲ್ಲ ಅಂದ್ರೆ ಬರಲ್ಲ ಅಲ್ವಾ?"

ಮುದುಕಿ ಕೇಕು ಕತ್ತರಿಸಿದಳು. "ಹಿಂದೆ ಈ ಊರ ಹುಡುಗೀರು ಗ್ಯಾರಡ್ ಹುಡುಗನ್ನ ಒಪ್ಪೋ ಮೊದ್ಲು ತುಂಬಿದ ಕಪ್ಪು ಒಯ್ಯಿಸ್ತಿದ್ರು. ಅಂಚಿನ ತನಕ ಚಹಾ. ಒಲೆಯಿಂದ ಕಿಟಕಿ ತನಕ. ಚೆಲ್ಲದಿದ್ರೆ ಮದುವೆ."

"ಕೊಡಿ ಕಪ್ಪು."

"ಬೇಡ ಕಣೇ."

"ಕೊಡಿ ಅಂದೆ."

ನೀಲಿ ಕಪ್ಪು ತಟ್ಟೆಯ ಸಮೇತ ಬಂತು. ಅಂಚಿನಲ್ಲಿ ಚಹಾ ಉಬ್ಬಿ ನಿಂತಿತು. ಮ್ಯೂರಿಯಲ್ ಬೇಕೆಂದೇ ಎಡಗೈಯಲ್ಲಿ ಎತ್ತಿದಳು. ದಿನಾ ಕುದಿಯುವ ಸಾರಿನ ಹಂಡೆ ಎತ್ತುವ ಕೈ ಅದು. ಈಗ ಅದು ಬೇರೆ ಯಾರದೋ ಕೈಯಂತೆ ಕಂಡಿತು. ಉಸಿರು ಹಿಡಿದು ಕಲ್ಲುಹಾಸಿನ ಮೇಲೆ ಹೆಜ್ಜೆ ಇಟ್ಟಳು. ನಡುವೆ ಒಮ್ಮೆ ಚಹಾದ ಮುಖ ನಡುಗಿತು. ಕಿಟಕಿಯ ಕಟ್ಟೆಯ ಮೇಲೆ ಕಪ್ಪು ಇಟ್ಟಳು. ತಟ್ಟೆ ಒಣಗಿತ್ತು.

ಅವಳಿಗೆ ಅಳು ಬಂದುಬಿಟ್ಟಿತು. "ನೋಡಿ, ಒಂದು ಹನಿ ಚೆಲ್ಲಿಲ್ಲ."

ಮುದುಕಿ ಹತ್ತಿರ ಬಂದು ಅವಳ ತೋಳು ಹಿಡಿದಳು. "ನಿಂಗೆ ಸುಳ್ಳು ಹೇಳಲಾರೆ ಮಗಳೇ, ಸುಳ್ಳು ಸಾಕಾಗುವಷ್ಟು ಆಗಿದೆ. ನಮ್ಮ ಚಿಕ್ಕಮ್ಮ ಮದುವೆಗೆ ಮೊದ್ಲು ನಿಮ್ಮಜ್ಜನ ಕೈಲಿ ಕಪ್ಪು ಒಯ್ಯಿಸಿದ್ಳು. ಆಗ ಅವನೂ ಚೆಲ್ಲಿರಲಿಲ್ಲ. ನಿಮ್ಮಪ್ಪನ ಸೋದರತ್ತೆ ಡಾರ್ಕಸ್ಸೂ ಚೆಲ್ಲಲಿಲ್ಲ, ಅವಳಿಗೆ ಶುರುವಾದಾಗ ಮೊಮ್ಮಕ್ಕಳಿದ್ರು. ಇವತ್ತು ಚೆಲ್ಲಲಿಲ್ಲ ಅಂದ್ರೆ ಇವತ್ತು ಚೆಲ್ಲಲಿಲ್ಲ ಅಷ್ಟೇ."

ಆಮೇಲೆ ಇಬ್ಬರೂ ಚಹಾ ಕುಡಿದರು. ಮ್ಯೂರಿಯಲ್ ತಗಡಿನ ಲೋಟವನ್ನು ಮುಟ್ಟಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಪಂಪಿನ ಪಕ್ಕ ಟೆಲಿಫೋನಿನ ಕೆಂಪು ಗೂಡು. ಏನು ಹೇಳಬೇಕೆಂದು ಅವಳು ಗೂಡಿನ ಹೊರಗೇ ತೀರ್ಮಾನಿಸಿದ್ದಳು. ಕುಣಿಯೋರು ಕಣೇ ನಮ್ಮವರು, ಬಣ್ಣದ ಚಿಂದಿ ಕಟ್ಕೊಂಡು ಊರೆಲ್ಲ ಕುಣೀತಿದ್ರಂತೆ. ಇಷ್ಟು ಸಾಕು. ಹೆರಿಗೆ ಆಗಲಿ. ಆಮೇಲೆ ನೋಡಿಕೊಳ್ಳೋಣ. ಬಸುರಿಗೆ ಇಂಥ ಮಾತು ಹೇಳುವ ತಾಯಿ ಯಾರು?

ಡಯಲಿನ ತೂತಿಗೆ ಬೆರಳಿಟ್ಟು ತಿರುಗಿಸಿದಳು. ಅತ್ತ ಕಡೆಯಿಂದ ಗೊತ್ತಿಲ್ಲದ ಗಂಡಸಿನ ದನಿ ಬಂತು. "ಯಾರು ಬೇಕು? ಯಾವ ಹೇಝೆಲ್? ರಾಂಗ್ ನಂಬರ್ ಕಣ್ರೀ."

ಬೆರಳು ಜಾರಿತ್ತು. ಚಳಿ ಇರಬೇಕು. ಗೂಡಿನ ಬಾಗಿಲಿನ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಅವಳು ಬೆರಳನ್ನು ಬಾಯಿಯ ಹತ್ತಿರ ತಂದು ಊದಿದಳು. ಗಾಜಿನಲ್ಲಿ ಕಂಡದ್ದು ತನ್ನ ಮುಖವಲ್ಲ, ಮಕ್ಕಳ ಎದುರಿಗೆ ಒಂದೇ ಮಾತು ಹಿಡಿದು ಕೂತಿದ್ದ ಅಮ್ಮನ ಮುಖ. ಆ ಮಾತಿನಿಂದ ಅಪ್ಪ ಇವತ್ತಿನವರೆಗೂ ಗೋರಿಯಲ್ಲಿ ಕುಡುಕನಾಗಿಯೇ ಮಲಗಿದ್ದ.

ಮತ್ತೆ ಡಯಲ್ ಮಾಡಿದಳು. ಈ ಸಲ ಒಂದೊಂದು ಅಂಕಿಯನ್ನೂ ಎಡಗೈಯಿಂದ ಬಲಗೈ ಬೆರಳನ್ನು ಅದುಮಿ ಹಿಡಿದು ತಿರುಗಿಸಿದಳು.

"ಅಮ್ಮಾ," ಎಂದಳು ಹೇಝೆಲ್. "ಸಿಕ್ಕಿದ್ರಾ ನಮ್ಮವರು? ಹೇಳು ಹೇಳು, ಪೆನ್ನು ಹಿಡ್ಕೊಂಡೇ ಕೂತಿದೀನಿ."

"ಪೆನ್ನು ಕೆಳಗಿಡು," ಎಂದಳು ಮ್ಯೂರಿಯಲ್. "ನಿಮ್ಮಜ್ಜ ಕುಡುಕ ಅಲ್ಲ ಕಣೇ. ಯಾವತ್ತೂ ಆಗಿರಲಿಲ್ಲ. ನಿನ್ನ ಗಂಡ ಮನೇಲಿದಾನಾ? ಅವನ್ನೂ ಕರಿ. ಇಬ್ಬರೂ ಕೂತ್ಕೊಂಡು ಕೇಳಿ."